ಪ್ಲಾಸ್ಟಿಕ್ ಫೈಲಿನೊಳಗಿನ ರಾಜ್ಯಶಾಸ್ತ್ರ

ಬಳ್ಳಾರಿಯ ಪಾರ್ವತಿನಗರದ ಒಂದು ಜೆರಾಕ್ಸ್ ಅಂಗಡಿ. ಬೋರ್ಡಿನ ಮೇಲೆ ‘ಜೆರಾಕ್ಸ್, ಲ್ಯಾಮಿನೇಷನ್, ಬೈಂಡಿಂಗ್, ಎಲ್ಲಾ ತರಹದ ಆನ್‌ಲೈನ್ ಅರ್ಜಿ’ ಎಂದಿದೆ. ಒಳಗೆ ಎರಡು ಕಂಪ್ಯೂಟರ್, ಕಟಕಟ ಎನ್ನುವ ಒಂದು ಫ್ಯಾನು, ಬಿರುಕು ಬಿಟ್ಟಲ್ಲಿ ಟೇಪು ಅಂಟಿಸಿದ ಗಾಜಿನ ಕೌಂಟರು. ಮನೆ ಕಂದಾಯದ ರಸೀದಿಗೆ ನಕಲು ಮಾಡಿಸಲು ಹೋದ ನನಗೆ ಮುಕ್ಕಾಲು ಗಂಟೆ ಕಾಯುವ ಯೋಗ ಬಂತು. ಮುಂದೆ ನಿಂತಿದ್ದವಳು ಕುರುಗೋಡಿನ ಕಡೆಯ ಹುಡುಗಿ. ಗುಂಡಿ ಒತ್ತಿ ಮುಚ್ಚುವ ಪ್ಲಾಸ್ಟಿಕ್ ಫೈಲನ್ನು ಕೌಂಟರಿನ ಮೇಲೆ ಬಿಚ್ಚಿಟ್ಟಿದ್ದಳು.

‘ಎಸ್ಸೆಸ್ಸೆಲ್ಸಿ ಕೊಡ್ರಿ. ಪಿಯುಸಿ. ಡಿಗ್ರಿ ಆರೂ ಸೆಮ್ಮು. ಆಧಾರ್. ಆರ್‌ಡಿ ನಂಬರ್ ಹೇಳ್ರಿ. 371ಜೆ ಐತಿ?’ ಅಂಗಡಿಯವನು ಪರದೆಯಿಂದ ಕಣ್ಣು ಕೀಳದೆ ಕೇಳುತ್ತಾ ಹೋದ.

‘ಎಂಎಗೂ ಅದು ಬೇಕಾ ಅಣ್ಣಾ?’

‘ಬೇಕವ್ವಾ. ಸೀಟು ಸಿಗೋದೇ ಅದರ ಮ್ಯಾಲೆ.’

ಯಾವ ಎಂಎ ಎಂದು ಪಕ್ಕದ ಬೆಂಚಿನ ಮೇಲೆ ಕೂತಿದ್ದ ಹಿರಿಯರೊಬ್ಬರು ವಿಚಾರಿಸಿದರು. ಪೊಲಿಟಿಕಲ್ ಸೈನ್ಸ್ ಎಂದಳು. ‘ಹಂಗಾದ್ರ ಮುಂದೆ ಎಮ್ಮೆಲ್ಲೆ ಆಗ್ತೀ ಅನ್ನು.’ ಹುಡುಗಿ ನಕ್ಕಳು. ‘ಎಮ್ಮೆಲ್ಲೆ ಆಗಾಕ ಇಷ್ಟೆಲ್ಲ ಕಾಗದ ಬೇಕಾಗಿಲ್ಲ ತಾತಾ.’

ಆಕೆ ಹೇಳಿದ್ದು ಅಕ್ಷರಶಃ ನಿಜ. ಸಂವಿಧಾನದ 173ನೇ ವಿಧಿಯ ಪ್ರಕಾರ ವಿಧಾನಸಭೆಗೆ ನಿಲ್ಲಲು ಭಾರತದ ಪ್ರಜೆಯಾಗಿರಬೇಕು, 25 ವರ್ಷ ತುಂಬಿರಬೇಕು. ಓದಿನ ಮಾತೇ ಅಲ್ಲಿಲ್ಲ. ಗ್ರಾಮ ಪಂಚಾಯಿತಿಗೆ 21 ಸಾಕು. ಆದರೆ ಆ ವಿಧಾನಸಭೆ ಹೇಗೆ ನಡೆಯುತ್ತದೆ ಎಂದು ಎರಡು ವರ್ಷ ಕೂತು ಓದಬೇಕೆಂದರೆ ಮಾತ್ರ ಹನ್ನೆರಡು ಹದಿಮೂರು ಕಾಗದ ಬೇಕು. ಇದನ್ನು ತಮಾಷೆ ಅಂದುಕೊಂಡೇ ಅಲ್ಲಿ ನಿಂತಿದ್ದೆ. ಆಕೆಯ ಫೈಲಿನಿಂದ ಒಂದೊಂದೇ ಹಾಳೆ ಸ್ಕ್ಯಾನರಿನ ಕೆಳಗೆ ಹೋಗುವುದನ್ನು ನೋಡುತ್ತಿದ್ದಂತೆ ಬೇರೆಯದೇ ಒಂದು ವಿಚಾರ ತಲೆಗೆ ಬಂತು. ಎಂಎ ಮೊದಲ ಸೆಮಿಸ್ಟರಿನಲ್ಲಿ ಪಾಠ ಮಾಡುವುದೆಲ್ಲ ಈ ಫೈಲಿನಲ್ಲೇ ಇದೆಯಲ್ಲ! ಅರ್ಹತೆಗೆಂದು ಕೇಳುವ ಪ್ರತಿ ಕಾಗದದ ಹಿಂದೆ ಒಂದು ಹೋರಾಟ, ಒಂದು ತಿದ್ದುಪಡಿ, ಇಲ್ಲವೇ ದೆಹಲಿ–ಬೆಂಗಳೂರಿನ ಒಂದು ಜಗಳ ಕೂತಿದೆ.

ಅಂಕಪಟ್ಟಿಯಿಂದಲೇ ಶುರು ಮಾಡೋಣ. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಹುಟ್ಟಿದ್ದು 2010ರಲ್ಲಿ. ಕಂಟೋನ್ಮೆಂಟಿನ ಕಡೆ ಅದರ ‘ಜ್ಞಾನಸಾಗರ’ ಆವರಣವಿದೆ; ಸಂಡೂರು ತಾಲ್ಲೂಕಿನ ನಂದಿಹಳ್ಳಿಯಲ್ಲಿ ಸ್ನಾತಕೋತ್ತರ ಕೇಂದ್ರವಿದೆ. ಅದಕ್ಕೆ ಮುಂಚೆ ನಮ್ಮೂರಿನ ಡಿಗ್ರಿ ಕಾಲೇಜುಗಳೆಲ್ಲ ಗುಲಬರ್ಗಾ ವಿಶ್ವವಿದ್ಯಾಲಯದ ಕೈಕೆಳಗಿದ್ದವು. ಆ ವಿಶ್ವವಿದ್ಯಾಲಯವೇ 1980ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ ಸೀಳಿ ಬಂದದ್ದು. ವೀರಶೈವ ಕಾಲೇಜು 1945ರಲ್ಲಿ ಶುರುವಾದಾಗ ಬಳ್ಳಾರಿ ಇನ್ನೂ ಮದ್ರಾಸು ಪ್ರಾಂತದಲ್ಲಿತ್ತು. ಹೀಗಾಗಿ ನಮ್ಮಲ್ಲಿ ಅಜ್ಜ, ಅಪ್ಪ, ಮಗಳು ಒಂದೇ ಊರಲ್ಲಿ ಓದಿದರೂ ಮೂವರ ಅಂಕಪಟ್ಟಿಯ ಮೇಲೆ ಮೂರು ಬೇರೆ ಮುದ್ರೆ ಇರುವ ಮನೆಗಳುಂಟು. ಬೇರೆ ವಿಶ್ವವಿದ್ಯಾಲಯದ ಡಿಗ್ರಿ ಆಗಿದ್ದರೆ ಮೈಗ್ರೇಷನ್ ಸರ್ಟಿಫಿಕೇಟು ತರಬೇಕು. ಮದುವೆ, ನೌಕರಿ ಎಂದು ಓದು ಬಿಟ್ಟು, ಹದಿನೈದು ಇಪ್ಪತ್ತು ವರ್ಷದ ಮೇಲೆ ಎಂಎ ಮಾಡಲು ಬರುವವರು ತಮ್ಮ ಊರಿನ ಕಾಲೇಜಿನಲ್ಲೇ ಓದಿದ್ದರೂ ಕಲಬುರಗಿಯ ಕಾಗದ ಹುಡುಕಬೇಕಾದ್ದು ಇದಕ್ಕೇ. ಅವರು ವಲಸೆ ಹೋಗಿರುವುದಿಲ್ಲ, ವಿಶ್ವವಿದ್ಯಾಲಯ ವಲಸೆ ಹೋಗಿರುತ್ತದೆ.

ಪ್ರವೇಶಕ್ಕೆ ಎಷ್ಟು ಅಂಕ? ನಮ್ಮ ರಾಜ್ಯದ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಎಂಎಗೆ ಸಾಮಾನ್ಯ ವರ್ಗದವರಿಗೆ ಶೇ 45, ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ–1ರವರಿಗೆ ಶೇ 40 ಎಂಬ ರೂಢಿ ಇದೆ. ಸಾಮಾನ್ಯವಾಗಿ ಡಿಗ್ರಿಯಲ್ಲಿ ರಾಜ್ಯಶಾಸ್ತ್ರವನ್ನು ಐಚ್ಛಿಕವಾಗಿ ಓದಿದವರಿಗೆ ಮೊದಲ ಮಣೆ. ಆಯಾ ವರ್ಷದ ಅಧಿಸೂಚನೆಯೇ ಕೊನೆಯ ಮಾತು. ಅದನ್ನು ಓದದೆ, ಹೋದ ವರ್ಷ ಸೇರಿದ ಗೆಳತಿಯ ಮಾತು ನಂಬಿ ಅರ್ಜಿ ಹಾಕುವವರೇ ಹೆಚ್ಚು. ಅರ್ಜಿ ಹೋಗುವುದು ಯುಯುಸಿಎಂಎಸ್ ಎಂಬ, ರಾಜ್ಯದ ವಿಶ್ವವಿದ್ಯಾಲಯಗಳಿಗೆಲ್ಲ ಒಂದೇ ಆದ ಪೋರ್ಟಲ್ಲಿನ ಮೂಲಕ. ಆಮೇಲೆ ಮೆರಿಟ್ ಪಟ್ಟಿ, ರೋಸ್ಟರು, ಕೌನ್ಸೆಲಿಂಗು.

ಮುಂದಿನ ಹಾಳೆ ಜಾತಿ ಮತ್ತು ಆದಾಯ ಪ್ರಮಾಣಪತ್ರ. ನಾಡಕಚೇರಿಯಲ್ಲಿ ಕೊಡುವ ಆ ಹಾಳೆಯ ಮೇಲೆ ಆರ್‌ಡಿ ಎಂದು ಶುರುವಾಗುವ ಉದ್ದನೆಯ ಸಂಖ್ಯೆ ಇರುತ್ತದೆ. ಹಳ್ಳಿಯ ಹುಡುಗ ಹುಡುಗಿಯರಿಗೆ ಫೋನ್ ನಂಬರಿನಷ್ಟೇ ಬಾಯಿಪಾಠ. ಬಳ್ಳಾರಿ ಸೀಮೆಯಲ್ಲಿ ಈ ಹಾಳೆಗೆ ದೊಡ್ಡ ಚರಿತ್ರೆಯೇ ಇದೆ. ನಾಯಕ, ಬೇಡ, ವಾಲ್ಮೀಕಿ ಹೆಸರುಗಳು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಸ್ಪಷ್ಟವಾಗಿ ಸೇರಿದ್ದು 1991ರಲ್ಲಿ. ಅದಾದ ಮೇಲೆ, 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ, ಬಳ್ಳಾರಿ ಲೋಕಸಭಾ ಕ್ಷೇತ್ರವೇ ಪಂಗಡಕ್ಕೆ ಮೀಸಲಾಯಿತು. ಬಳ್ಳಾರಿ ಗ್ರಾಮೀಣ, ಸಿರುಗುಪ್ಪ, ಕಂಪ್ಲಿ, ಸಂಡೂರು ವಿಧಾನಸಭಾ ಕ್ಷೇತ್ರಗಳೂ ಮೀಸಲು. ಕೌಂಟರಿನ ಮೇಲೆ ಬಿದ್ದಿದ್ದ ಆ ಒಂದು ಹಾಳೆ ಜಿಲ್ಲೆಯ ರಾಜಕೀಯದ ದಿಕ್ಕನ್ನೇ ತಿರುಗಿಸಿದ ಹಾಳೆ. ಹಿಂದುಳಿದ ವರ್ಗಗಳದ್ದಾದರೆ ಎಲ್.ಜಿ. ಹಾವನೂರರ ಆಯೋಗ 1975ರಲ್ಲಿ ಕೊಟ್ಟ ವರದಿಗೆ ಹೋಗಬೇಕು; ದೇವರಾಜ ಅರಸರ ಕಾಲ. ಇಂದಿನ 1, 2ಎ, 2ಬಿ, 3ಎ, 3ಬಿ ಎಂಬ ಖಾನೆಗಳು ಆಮೇಲೆ ಬಂದ ಆಯೋಗಗಳು, ಆದೇಶಗಳು ಒಂದರ ಮೇಲೊಂದು ಪದರ ಹಾಕಿ ಕಟ್ಟಿದವು.

ಇಲ್ಲೊಂದು ಗುಂಡಿ ಇದೆ. ಪ್ರತಿ ವರ್ಷ ಯಾರಾದರೂ ಬೀಳುತ್ತಾರೆ. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿ ಬೇರೆ, ಕೇಂದ್ರದ ಒಬಿಸಿ ಪಟ್ಟಿ ಬೇರೆ. ಎಂಎ ಸೇರುವಾಗ 3ಬಿ ಎಂದು ಲಾಭ ಪಡೆದ ಹುಡುಗ ಎರಡು ವರ್ಷದ ಮೇಲೆ ಉಪನ್ಯಾಸಕರಾಗಲು ಬರೆಯುವ ನೆಟ್ ಪರೀಕ್ಷೆಯ ಅರ್ಜಿ ತುಂಬುವಾಗಲೂ ಒಬಿಸಿ ಎಂದು ಗುರುತು ಹಾಕಿಬಿಡುತ್ತಾನೆ. ಆದರೆ 3ಬಿಯಲ್ಲಿರುವ ವೀರಶೈವ ಲಿಂಗಾಯತರು ಒಟ್ಟಾಗಿ ಕೇಂದ್ರದ ಪಟ್ಟಿಯಲ್ಲಿಲ್ಲ. ಕೆಲವು ಒಳಪಂಗಡಗಳು ಮಾತ್ರ ಇವೆ. ದಾಖಲೆ ಪರಿಶೀಲನೆಯ ದಿನ ಅವನು ಸಾಮಾನ್ಯ ವರ್ಗಕ್ಕೆ ಬಿದ್ದಿರುತ್ತಾನೆ. ಅಂಥವರಿಗೆ 2019ರ 103ನೇ ತಿದ್ದುಪಡಿಯ ಆರ್ಥಿಕ ದುರ್ಬಲ ವರ್ಗದ ಪ್ರಮಾಣಪತ್ರ ಒಂದು ದಾರಿ. ಒಕ್ಕೂಟ ವ್ಯವಸ್ಥೆ ಎಂದರೇನು ಎಂದು ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಬರೆದವನಿಗೆ ಅದು ನಿಜಕ್ಕೂ ಅರ್ಥವಾಗುವುದು ಆ ಕಿಟಕಿಯ ಮುಂದೆ.

ಇನ್ನು 371ಜೆ. ಅಂಗಡಿಯವನು ಕೇಳಿದ, ಹುಡುಗಿಯ ಹತ್ತಿರ ಇಲ್ಲದಿದ್ದ ಕಾಗದ ಇದೇ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ಈ ವಿಧಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಿಗೆ ವಿಶೇಷ ಸ್ಥಾನ ಕೊಟ್ಟಿತು. 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ವಿಜಯನಗರ ಜಿಲ್ಲೆಗೂ ಅದು ಅನ್ವಯ. ಇದರಂತೆ ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70ರಷ್ಟು ಸೀಟು ಸ್ಥಳೀಯರಿಗೆ, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8. ಇಲ್ಲಿ ಹುಟ್ಟಿದವರು, ಇಲ್ಲವೇ ಹತ್ತು ವರ್ಷ ನೆಲೆಸಿದವರು ಉಪವಿಭಾಗಾಧಿಕಾರಿಯಿಂದ ಅರ್ಹತಾ ಪ್ರಮಾಣಪತ್ರ ತರಬೇಕು. ‘ಎಸಿ ಆಫೀಸಿನ ಕಾಗದ’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಎಷ್ಟೋ ಮಂದಿ ಇದನ್ನು ನೌಕರಿಗೆ ಮಾತ್ರ ಎಂದುಕೊಂಡು ಎಂಎ ಅರ್ಜಿಯ ಕೊನೆಯ ವಾರದಲ್ಲಿ ಓಡಾಡುತ್ತಾರೆ. ಡಿಗ್ರಿಯ ಐದನೇ ಸೆಮಿಸ್ಟರಿನಲ್ಲೇ ಮಾಡಿಸಿಟ್ಟುಕೊಳ್ಳುವುದು ಜಾಣತನ.

371ಜೆ ಜಾರಿಗೆ ಬಂದದ್ದು 2013ರ ಅಕ್ಟೋಬರ್ 1ರಂದು. ಬಳ್ಳಾರಿ ಮದ್ರಾಸಿನಿಂದ ಬೇರ್ಪಟ್ಟು ಮೈಸೂರು ರಾಜ್ಯ ಸೇರಿದ್ದು 1953ರ ಅಕ್ಟೋಬರ್ 1ರಂದು. ಸರಿಯಾಗಿ ಅರವತ್ತು ವರ್ಷ. ಆಗ ಬಳ್ಳಾರಿ ತಾಲ್ಲೂಕು ಯಾರಿಗೆ ಸೇರಬೇಕೆಂಬ ತಕರಾರು ಎಷ್ಟು ಬಿಸಿಯಾಗಿತ್ತೆಂದರೆ ನ್ಯಾಯಮೂರ್ತಿ ಎಲ್.ಎಸ್. ಮಿಶ್ರರು ಪ್ರತ್ಯೇಕ ವಿಚಾರಣೆ ನಡೆಸಬೇಕಾಯಿತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಬಳ್ಳಾರಿ, ಸಿರುಗುಪ್ಪ ಇತ್ತ ಉಳಿದವು. ಗಡಿಯಾಚೆ ಮನೆಯಲ್ಲಿ ಕನ್ನಡ ಮಾತಾಡುವ ಹುಡುಗಿಗೆ ಬಳ್ಳಾರಿ ಒಂದೇ ಬಸ್ಸಿನ ಹಾದಿ. ಆದರೆ ಆಕೆಗೆ 371ಜೆ ಇಲ್ಲ, ಕರ್ನಾಟಕದ ಜಾತಿ ಪ್ರಮಾಣಪತ್ರವೂ ಇಲ್ಲ. ಇತ್ತ ಬಳ್ಳಾರಿಯೂ ಈ ಕಾಗದದ ಮೂಲ ಹೆಸರಿನಲ್ಲಿದ್ದ ‘ಹೈದರಾಬಾದ್ ಕರ್ನಾಟಕ’ಕ್ಕೆ ಸೇರಿದ್ದು ವಿಚಿತ್ರವೇ. ಈ ಸೀಮೆಯನ್ನು ನಿಜಾಮ 1800ರಲ್ಲೇ ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟಿದ್ದ. ದತ್ತಮಂಡಲ ಎಂಬ ಹೆಸರು ಬಂದದ್ದು ಹಾಗೆ. 2019ರಲ್ಲಿ ಕಲ್ಯಾಣ ಕರ್ನಾಟಕ ಎಂದು ಹೆಸರು ಬದಲಾದರೂ ಜನ ಇನ್ನೂ ‘ಎಚ್‌ಕೆ ಸರ್ಟಿಫಿಕೇಟ್’ ಎನ್ನುವುದು ಬಿಟ್ಟಿಲ್ಲ.

ಬೆಂಚಿನ ಮೇಲಿನ ಹಿರಿಯರು ಇದಕ್ಕೆ ತಮ್ಮದೂ ಒಂದು ಸೇರಿಸಿದರು. ‘ನಾನು ಹುಟ್ಟಿದ್ದು ಮದ್ರಾಸು ರಾಜ್ಯದಾಗ, ಸಾಲಿಗೆ ಹೋಗಿದ್ದು ಮೈಸೂರು ರಾಜ್ಯದಾಗ, ಮದುವಿ ಆಗಿದ್ದು ಕರ್ನಾಟಕದಾಗ. ಮನಿ ಮಾತ್ರ ಅಲ್ಲೇ ಐತಿ ನೋಡ್ರಿ, ಒಂದು ಗೇಣು ಸರಿದಿಲ್ಲ.’ ರಾಜ್ಯದ ಹೆಸರು ಕರ್ನಾಟಕವಾದದ್ದು 1973ರ ನವೆಂಬರ್ 1. ಲೆಕ್ಕ ಹಾಕಿದೆ, ಸರಿಹೋಯಿತು.

ಪೋರ್ಟಲ್ಲಿನಲ್ಲಿ ಮುಂದಿನ ಖಾನೆ ಡಿಗ್ರಿ ಎಷ್ಟು ವರ್ಷದ್ದು ಎಂಬುದು. ಐದಾರು ವರ್ಷದ ಹಿಂದೆ ಇದು ಪ್ರಶ್ನೆಯೇ ಆಗಿರಲಿಲ್ಲ. ಕರ್ನಾಟಕ 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ಜಾರಿಗೆ ತಂದು ನಾಲ್ಕು ವರ್ಷದ ಆನರ್ಸ್ ಡಿಗ್ರಿಗೆ ದಾರಿ ತೆರೆಯಿತು. ಸರ್ಕಾರ ಬದಲಾಯಿತು, ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿ ಬಂತು, 2024–25ರಿಂದ ಮತ್ತೆ ಮೂರು ವರ್ಷದ ಡಿಗ್ರಿ. ಯುಜಿಸಿಯ 2024ರ ಚೌಕಟ್ಟಿನ ಪ್ರಕಾರ ಮೂರು ವರ್ಷದ ಡಿಗ್ರಿಯವರಿಗೆ ಎರಡು ವರ್ಷದ ಎಂಎ, ನಾಲ್ಕು ವರ್ಷದ ಆನರ್ಸ್‌ನವರಿಗೆ ಒಂದೇ ವರ್ಷದ ಎಂಎ ಸಾಕು. ನಡುವಿನ ಮೂರು ಬ್ಯಾಚಿನ ಮಕ್ಕಳು ಎರಡು ನೀತಿಗಳ ನಡುವೆ ಸಿಕ್ಕ ಕಾಳು. ನನ್ನ ಅಭಿಪ್ರಾಯ ಕೇಳಿದರೆ, ನಾಲ್ಕೋ ಮೂರೋ ಎಂಬುದಕ್ಕಿಂತ, ಓದುತ್ತಿರುವಾಗ ಮಧ್ಯದಲ್ಲಿ ನಿಯಮ ಬದಲಿಸುವುದು ದೊಡ್ಡ ತಪ್ಪು. ಶಿಕ್ಷಣ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ ಎನ್ನುವುದರ ಅರ್ಥ ಇದೇ: ಎರಡು ಸರ್ಕಾರಗಳೂ ಒಂದೇ ಬೆಂಚಿನ ಮೇಲೆ ಬರೆಯುತ್ತವೆ.

ಒಳಗೆ ಹೋದ ಮೇಲೆ ಓದಬೇಕಾದ್ದೇನು ಎಂಬುದನ್ನು ಬೇಗ ಹೇಳಿಬಿಡುತ್ತೇನೆ. ಇದು ಎಲ್ಲ ಕಡೆಯೂ ಹೆಚ್ಚುಕಮ್ಮಿ ಒಂದೇ. ಪ್ಲೇಟೋನಿಂದ ಮಾರ್ಕ್ಸ್‌ವರೆಗಿನ ಪಾಶ್ಚಾತ್ಯ ಚಿಂತನೆ, ಕೌಟಿಲ್ಯನಿಂದ ಅಂಬೇಡ್ಕರ್‌ವರೆಗಿನ ಭಾರತೀಯ ಚಿಂತನೆ, ತೌಲನಿಕ ರಾಜಕೀಯ, ಸಾರ್ವಜನಿಕ ಆಡಳಿತ, ಅಂತರರಾಷ್ಟ್ರೀಯ ಸಂಬಂಧ, ಭಾರತದ ಮತ್ತು ಕರ್ನಾಟಕದ ಸರ್ಕಾರ–ರಾಜಕೀಯ, ಸಂಶೋಧನಾ ವಿಧಾನ, ಕೊನೆಗೆ ಒಂದು ಪ್ರಾಜೆಕ್ಟು. ನಾಲ್ಕು ಸೆಮಿಸ್ಟರು, ಕ್ರೆಡಿಟ್ ಪದ್ಧತಿ, ಶೇ 75 ಹಾಜರಾತಿ. ಹಾಜರಾತಿಯ ವಿಷಯದಲ್ಲಿ ಹೆಣ್ಣುಮಕ್ಕಳ ಪಾಲಿಗೆ ಸದ್ದಿಲ್ಲದೆ ಕೆಲಸ ಮಾಡಿದ್ದು ಶಿಕ್ಷಣ ಇಲಾಖೆಯ ಯಾವ ನಿಯಮವೂ ಅಲ್ಲ, 2023ರ ಜೂನ್ 11ರಂದು ಶುರುವಾದ, ಬಸ್ ಪ್ರಯಾಣ ಉಚಿತವಾಗಿಸಿದ ಶಕ್ತಿ ಯೋಜನೆ. ಸಿರುಗುಪ್ಪದಿಂದ ದಿನಾ ಬಳ್ಳಾರಿಗೆ ಹೋಗಿಬರುವ ಬಸ್ ಖರ್ಚು ಎಷ್ಟೋ ಮನೆಗಳಲ್ಲಿ ‘ಡಿಗ್ರಿ ಸಾಕು ಬಿಡವ್ವಾ’ ಎನ್ನಿಸುತ್ತಿತ್ತು. ಕೌಂಟರಿನ ಮುಂದಿದ್ದ ಹುಡುಗಿಯೂ ಬಂದದ್ದು ಆಧಾರ್ ತೋರಿಸಿ ಪಡೆದ ಶೂನ್ಯ ದರದ ಟಿಕೆಟಿನಲ್ಲಿ. ಆ ಟಿಕೆಟೂ ಫೈಲಿನಲ್ಲೇ ಸಿಕ್ಕಿಕೊಂಡಿತ್ತು. ದಿನಾ ಬರಲಾಗದವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಮತ್ತು ಇಗ್ನೋ ಇವೆ. ಮುಕ್ತ ವಿಶ್ವವಿದ್ಯಾಲಯದ ಮಾನ್ಯತೆಯನ್ನು ಯುಜಿಸಿ ತಡೆಹಿಡಿದು, 2018ರಲ್ಲಿ ಮತ್ತೆ ಕೊಟ್ಟಿತು. ನಡುವಿನ ವರ್ಷಗಳ ಸರ್ಟಿಫಿಕೇಟು ಹಿಡಿದವರು ಪಟ್ಟ ಪಾಡು ಬೇರೆಯದೇ ಕಥೆ.

ಪ್ರವೇಶಕ್ಕೆ ಶೇ 45 ಸಾಕು ಎಂದೆ. ಆದರೆ ಹೊರಬರುವಾಗ ಲೆಕ್ಕಕ್ಕೆ ಬರುವ ಅಂಕ ಬೇರೆ, ಇದನ್ನು ಮೊದಲ ದಿನವೇ ಯಾರೂ ಹೇಳುವುದಿಲ್ಲ. ಎಂಎಯಲ್ಲಿ ಪಾಸಾದರೆ ಪದವಿ ಸಿಗುತ್ತದೆ, ಆದರೆ ಶೇ 55 ಇಲ್ಲದಿದ್ದರೆ ಅದು ಗೋಡೆಯ ಮೇಲೆ ತೂಗುಹಾಕಲು ಮಾತ್ರ. ನೆಟ್ ಬರೆಯಲು 55, ರಾಜ್ಯದ ಕೆ–ಸೆಟ್‌ಗೆ 55, ಪಿಎಚ್‌ಡಿಗೆ 55. ಮೀಸಲು ವರ್ಗಗಳಿಗೆ ಶೇ 5ರ ರಿಯಾಯಿತಿ. ನೆಟ್ ಮಾಹಿತಿಪುಸ್ತಕದಲ್ಲಿ ಈ 55ರ ಪಕ್ಕ, ಪೂರ್ಣಾಂಕಕ್ಕೆ ಏರಿಸುವಂತಿಲ್ಲ ಎಂದು ಸ್ಪಷ್ಟವಾಗಿದೆ. 54.9 ಇದ್ದರೆ 54.9 ಅಷ್ಟೇ. ಎರಡನೇ ಸೆಮಿಸ್ಟರಿನಲ್ಲಿ ಜ್ವರ ಬಂದು ಬಿಟ್ಟ ಒಂದು ಪೇಪರು ಆಮೇಲೆ ಜೀವನವಿಡೀ ದಶಮಾಂಶವಾಗಿ ಬೆನ್ನು ಹತ್ತುತ್ತದೆ. ಪಿಯು ಉಪನ್ಯಾಸಕರಾಗಬೇಕೆಂದರೆ ಎಂಎ ಜೊತೆಗೆ ಬಿ.ಇಡಿ. ಕೂಡ ಬೇಕು. ಡಿಗ್ರಿ ಕಾಲೇಜಿಗೆ ನೆಟ್, ಕೆ–ಸೆಟ್ ಇಲ್ಲವೇ ಪಿಎಚ್‌ಡಿ. ಸಹಾಯಕ ಪ್ರಾಧ್ಯಾಪಕರಿಗೆ ಪಿಎಚ್‌ಡಿ ಕಡ್ಡಾಯ ಎಂದು ಒಮ್ಮೆ ಹೊರಟಿದ್ದ ಯುಜಿಸಿ, 2023ರ ಜುಲೈ 1ರಿಂದ ಅದನ್ನು ಐಚ್ಛಿಕ ಮಾಡಿತು. ನೆಟ್, ಸೆಟ್ಟೇ ಕನಿಷ್ಠ ಅರ್ಹತೆ ಎಂದಾಯಿತು.

ನನ್ನ ನಿಜವಾದ ತಕರಾರು ಇಲ್ಲಿದೆ. ನಮ್ಮ ಹುಡುಗಿ ಒಂದನೇ ಇಯತ್ತೆಯಿಂದ ಕನ್ನಡದಲ್ಲಿ ಓದಿದಳು. ಡಿಗ್ರಿಯನ್ನು ಕನ್ನಡದಲ್ಲಿ ಬರೆದಳು. ಎಂಎಯನ್ನೂ ಕನ್ನಡದಲ್ಲಿ ಬರೆಯಬಹುದು. ಆದರೆ ರಾಜ್ಯಶಾಸ್ತ್ರದ ನೆಟ್ ಪ್ರಶ್ನೆಪತ್ರಿಕೆ ಬರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಮೊದಲ ಪತ್ರಿಕೆ 50 ಪ್ರಶ್ನೆ, 100 ಅಂಕ, ಎರಡನೆಯದು 100 ಪ್ರಶ್ನೆ, 200 ಅಂಕ, ಮೂರು ಗಂಟೆ, ತಪ್ಪುತ್ತರಕ್ಕೆ ಅಂಕ ಕಡಿತವಿಲ್ಲ. 150 ಪ್ರಶ್ನೆಗೆ 180 ನಿಮಿಷ. ಅದರಲ್ಲಿ ಪ್ರಶ್ನೆಯನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಂದುಕೊಳ್ಳಲು ಎಷ್ಟು ಹೋಗುತ್ತದೆ? ‘ಸಾರ್ವಭೌಮತ್ವ’ದ ಮೇಲೆ ಎಂಟು ಪುಟ ಬರೆಯಬಲ್ಲವಳು ಅದರ ಇಂಗ್ಲಿಷ್ ಹೆಸರು ನೆನಪಾಗದೆ ಒಂದು ಪ್ರಶ್ನೆ ಬಿಡುತ್ತಾಳೆ. ಹಿಂದಿ ಸೀಮೆಯ ಅಭ್ಯರ್ಥಿಗೆ ಈ ಕಷ್ಟವಿಲ್ಲ. ಭಾಷೆ ಮತ್ತು ಅಧಿಕಾರ ಎಂಬುದು ರಾಜ್ಯಶಾಸ್ತ್ರದ ಹಳೆಯ ಪಾಠ. ಅದನ್ನು ಪರೀಕ್ಷೆಯೇ ಕಲಿಸುತ್ತದೆ.

ಕೆ–ಸೆಟ್ ಈ ಮಟ್ಟಿಗೆ ನಮ್ಮದು. ಪ್ರಶ್ನೆ ಕನ್ನಡದಲ್ಲೂ ಇರುತ್ತದೆ, ವಯಸ್ಸಿನ ಮಿತಿ ಇಲ್ಲ. ಬಹುಕಾಲ ಮೈಸೂರು ವಿಶ್ವವಿದ್ಯಾಲಯ ನಡೆಸುತ್ತಿದ್ದ ಈ ಪರೀಕ್ಷೆಯನ್ನು 2023ರಿಂದ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತಿದೆ. ಎರಡೂ ಪತ್ರಿಕೆ ಬರೆದವರಲ್ಲಿ ಶೇ 6ರಷ್ಟು ಮಂದಿಗೆ ಮಾತ್ರ ಅರ್ಹತೆ. ಆದರೆ ಆ ಅರ್ಹತೆ ಕರ್ನಾಟಕದ ಗಡಿ ದಾಟುವುದಿಲ್ಲ, ಫೆಲೋಶಿಪ್ಪೂ ಬರುವುದಿಲ್ಲ. ಫೆಲೋಶಿಪ್ ಬೇಕೆಂದರೆ ನೆಟ್‌ನ ಜೆಆರ್‌ಎಫ್ ಆಗಬೇಕು. 2023ರಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಬಳ್ಳಾರಿಯಲ್ಲಿ ಅತಿಥಿ ಉಪನ್ಯಾಸಕನಾಗಿ ವರ್ಷವರ್ಷವೂ ಅರ್ಜಿ ಹಾಕಿ ಕಾಯುವವನಿಗೆ ಇದು ಸಣ್ಣ ಮೊತ್ತವಲ್ಲ. ಅದೇ ನೆಟ್ 2024ರ ಜೂನ್ 18ರಂದು ನಡೆದು ಮರುದಿನವೇ ರದ್ದಾಯಿತು. 9 ಲಕ್ಷಕ್ಕೂ ಹೆಚ್ಚು ಮಂದಿ ಬರೆದಿದ್ದರು. ಮತ್ತೆ ಆಗಸ್ಟ್ 21ರಿಂದ ನಡೆಸಿದರು.

ಪಿಎಚ್‌ಡಿಯ ನಿಯಮಗಳು 2022ರಲ್ಲಿ ಹೊಸದಾದವು. ಎಂ.ಫಿಲ್. ಮುಗಿದ ಅಧ್ಯಾಯ, ಇನ್ನು ಯಾರಾದರೂ ಎಂ.ಫಿಲ್. ಸೀಟಿದೆ ಎಂದು ಹಣ ಕೇಳಿದರೆ ಕೊಡಬೇಡಿ. ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಹೆಣ್ಣುಮಕ್ಕಳಿಗೆ ಮತ್ತು ಅಂಗವಿಕಲರಿಗೆ ಎರಡು ವರ್ಷ ಹೆಚ್ಚು, ಹೆರಿಗೆ–ಮಗುವಿನ ಆರೈಕೆಗೆ 240 ದಿನದ ರಜೆ. ಕನಿಷ್ಠ 12 ಕ್ರೆಡಿಟಿನ ಕೋರ್ಸ್‌ವರ್ಕ್. ಕೇಳಲು ಇವೆಲ್ಲ ಸಲೀಸು. ಕಷ್ಟವಿರುವುದು ಗೈಡ್ ಸಿಗುವುದರಲ್ಲಿ. ಪ್ರೊಫೆಸರ್ 8, ಸಹ ಪ್ರಾಧ್ಯಾಪಕ 6, ಸಹಾಯಕ ಪ್ರಾಧ್ಯಾಪಕ 4 ವಿದ್ಯಾರ್ಥಿಗಳಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಒಬ್ಬ ಪ್ರೊಫೆಸರ್, ಇಬ್ಬರು ಸಹಾಯಕ ಪ್ರಾಧ್ಯಾಪಕರಿರುವ ವಿಭಾಗವೆಂದರೆ ಒಟ್ಟು 16. ಒಬ್ಬರು ನಿವೃತ್ತರಾಗಿ ಹುದ್ದೆ ಖಾಲಿ ಉಳಿದರೆ ಪಿಎಚ್‌ಡಿ ಸೀಟುಗಳೂ ಅವರೊಂದಿಗೇ ನಿವೃತ್ತಿಯಾಗುತ್ತವೆ. ಮೇಷ್ಟ್ರ ನೇಮಕಾತಿ ಆಗದಿರುವುದನ್ನು ಬರೀ ನೌಕರಿಯ ಸಮಸ್ಯೆ ಎನ್ನುವವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.

ಪ್ರಬಂಧದಲ್ಲಿ ನಕಲಿನ ಪ್ರಮಾಣ ಶೇ 10ರೊಳಗೆ ಇರಬೇಕು. 40ರವರೆಗೆ ಇದ್ದರೆ ತಿದ್ದಿ ತರಬೇಕು. 60 ದಾಟಿದರೆ ನೋಂದಣಿಯೇ ರದ್ದು. ಇದು 2018ರ ನಿಯಮ. ಮುಗಿದ ಪ್ರಬಂಧ ‘ಶೋಧಗಂಗಾ’ ಎಂಬ ಡಿಜಿಟಲ್ ಭಂಡಾರಕ್ಕೆ ಹೋಗುತ್ತದೆ, ಯಾರು ಬೇಕಾದರೂ ಓದಬಹುದು. ಈಗ ಒಂದು ಫೈಲು ಅಪ್‌ಲೋಡ್ ಮಾಡಿದರೆ ಆಗುವ ಈ ಕೆಲಸ ಒಂದು ಕಾಲಕ್ಕೆ ಎಷ್ಟು ಭಾರವಾಗಿತ್ತೆಂಬುದಕ್ಕೆ ಅಂಬೇಡ್ಕರ್ ಅವರ ಪದವಿಯೇ ಸಾಕ್ಷಿ. ಬರೋಡಾ ಮಹಾರಾಜರ ವಿದ್ಯಾರ್ಥಿವೇತನದ ಮೇಲೆ 1913ರಲ್ಲಿ ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ರಾಜ್ಯಶಾಸ್ತ್ರ ನಿಕಾಯವನ್ನು ಸೇರಿದರು. ಜಾನ್ ಬರ್ಜೆಸ್ 1880ರಲ್ಲಿ ಅಲ್ಲಿ ರಾಜ್ಯಶಾಸ್ತ್ರದ ಶಾಲೆ ಕಟ್ಟಿದ್ದ. ಅರ್ಥಶಾಸ್ತ್ರ, ಇತಿಹಾಸ, ಸಾರ್ವಜನಿಕ ಕಾನೂನು ಎಲ್ಲ ಆ ಒಂದೇ ಸೂರಿನಡಿ. 1915ರಲ್ಲಿ ಪ್ರಾಚೀನ ಭಾರತದ ವಾಣಿಜ್ಯದ ಮೇಲೆ ಬರೆದು ಎಂಎ ಆಯಿತು. ಆದರೆ ಡಾಕ್ಟರೇಟು ಅಧಿಕೃತವಾಗಿ ಕೈಗೆ ಬಂದದ್ದು 1927ರಲ್ಲಿ. ಪ್ರಬಂಧ ಒಪ್ಪಿಗೆಯಾದರೆ ಸಾಲದು, ಅಚ್ಚಾದ ಪ್ರತಿಗಳನ್ನು ವಿಶ್ವವಿದ್ಯಾಲಯಕ್ಕೆ ಸಲ್ಲಿಸಬೇಕು ಎಂಬುದು ಅಲ್ಲಿನ ಕಟ್ಟಳೆ. ಬ್ರಿಟಿಷ್ ಭಾರತದಲ್ಲಿ ಪ್ರಾಂತಗಳ ಹಣಕಾಸು ಬೆಳೆದು ಬಂದ ಬಗೆಯ ಮೇಲಿನ ಆ ಪುಸ್ತಕ ಲಂಡನ್ನಿನಲ್ಲಿ 1925ರಲ್ಲಿ ಅಚ್ಚಾಯಿತು. ಅಷ್ಟರಲ್ಲಿ ಅವರಿಗೆ ಲಂಡನ್ನಿನ ಡಿ.ಎಸ್‌ಸಿ. ಬಂದಾಗಿತ್ತು, ಬಾರಿಸ್ಟರ್ ಆಗಿದ್ದಾಗಿತ್ತು. ಕೇಂದ್ರ ಎಷ್ಟು ಇಟ್ಟುಕೊಳ್ಳುತ್ತದೆ, ಪ್ರಾಂತಕ್ಕೆ ಎಷ್ಟು ಕೊಡುತ್ತದೆ ಎಂಬ ಆ ಪ್ರಬಂಧದ ಪ್ರಶ್ನೆಯನ್ನೇ ನಾವು ಇವತ್ತು ತೆರಿಗೆ ಪಾಲಿನ ಜಗಳ ಎನ್ನುತ್ತೇವೆ.

ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆ ಬರುತ್ತೇನೆ. ಅರ್ಹತೆಯ ಪಟ್ಟಿಯಲ್ಲಿ ಒಂದೇ ಸಾಲಾಗಿ ಇರುವ ಇದನ್ನು ಹೆಚ್ಚಿನವರು ಹಳೆಯ ಪ್ರಾಜೆಕ್ಟಿನ ನಕಲಿಳಿಸಿ ಮುಗಿಸುತ್ತಾರೆ. ನನಗಂತೂ ಇಡೀ ಪದವಿಯಲ್ಲಿ ಬೆಲೆಬಾಳುವುದು ಅದೊಂದೇ ಎನ್ನಿಸುತ್ತದೆ. ಬಳ್ಳಾರಿಯಲ್ಲಿದ್ದುಕೊಂಡು ವಿಷಯ ಸಿಗಲಿಲ್ಲ ಎನ್ನುವವರನ್ನು ಕಂಡರೆ ಸಿಟ್ಟು ಬರುತ್ತದೆ. 1999ರಲ್ಲಿ ಸೋನಿಯಾ ಗಾಂಧಿ ಮತ್ತು ಸುಷ್ಮಾ ಸ್ವರಾಜ್ ಇಲ್ಲಿ ಎದುರಾಳಿಗಳಾಗಿ ನಿಂತಾಗ ಇಡೀ ದೇಶದ ಕ್ಯಾಮೆರಾ ಈ ಬೀದಿಗಳಲ್ಲಿತ್ತು. ಸುಷ್ಮಾ ಕೆಲವೇ ದಿನಗಳಲ್ಲಿ ಕನ್ನಡ ಕಲಿತು ಭಾಷಣ ಮಾಡಿದ್ದನ್ನು ಕೇಳಿದವರು ಇನ್ನೂ ಇದ್ದಾರೆ. 2010ರಲ್ಲಿ ಅಕ್ರಮ ಗಣಿಗಾರಿಕೆಯ ವಿರುದ್ಧ ಬೆಂಗಳೂರಿನಿಂದ ಬಳ್ಳಾರಿಗೆ ಪಾದಯಾತ್ರೆ ಬಂತು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ಗಣಿ ವರದಿ ಬಂದು, ತಿಂಗಳು ಮುಗಿಯುವುದರೊಳಗೆ ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು. ಇಷ್ಟು ದೊಡ್ಡದು ಬೇಡವೆಂದರೆ ಸಿರುಗುಪ್ಪದ ಕಾಲುವೆಯ ಕೊನೆಯಂಚಿನ ಗದ್ದೆಗೆ ನೀರು ಯಾರ ಮಾತಿನ ಮೇಲೆ ಬರುತ್ತದೆ ಎಂದು ಹತ್ತು ರೈತರನ್ನು ಕೇಳಲಿ. ಪಂಚಾಯಿತಿಯ ಮಹಿಳಾ ಸದಸ್ಯೆಯ ಫೋನನ್ನು ಯಾರು ಎತ್ತುತ್ತಾರೆ ಎಂದು ಒಂದು ವಾರ ಬರೆದಿಡಲಿ.

ನನ್ನ ಕಾಲದಲ್ಲಿ ನಾನೂ ಇಂಥದ್ದೇ ಫೈಲು ಹಿಡಿದು ಅಲೆದವನು. ಎಸ್ಸೆಸ್ಸೆಲ್ಸಿಯಲ್ಲಿ ಇನಿಷಿಯಲ್ಲು ಹೆಸರಿನ ಮುಂದಿತ್ತು, ಡಿಗ್ರಿಯಲ್ಲಿ ಹಿಂದೆ ಹೋಗಿತ್ತು. ಒಂದು ಕಚೇರಿಯಲ್ಲಿ (ಯಾವುದು ಎಂಬುದು ಬೇಡ) ಗುಮಾಸ್ತರು ಎರಡೂ ಕಾಗದವನ್ನು ಅಕ್ಕಪಕ್ಕ ಇಟ್ಟು ‘ಇವರಿಬ್ಬರೂ ಒಬ್ಬರೇ ಅನ್ನೋಕೆ ಏನು ಗ್ಯಾರಂಟಿ?’ ಎಂದಿದ್ದರು. ನಾನು ನಾನೇ ಎಂದು ನೋಟರಿಯ ಮುಂದೆ ಪ್ರಮಾಣ ಮಾಡಿ ಬರಬೇಕಾಯಿತು. ಆ ವರ್ಷ ಪ್ಲೇಟೋನ ಪಾಠದಲ್ಲಿ ನೆರಳು ಮತ್ತು ನಿಜದ ಭಾಗ ಬಂದಾಗ ನನಗೊಬ್ಬನಿಗೇ ನಗು ಬಂದಿತ್ತು.

ಹುಡುಗಿಯ ಅರ್ಜಿ ಅರ್ಧಕ್ಕೆ ನಿಂತಿತು. 371ಜೆ ಬಂದ ಮೇಲೆ ಉಳಿದದ್ದು. ಬಾಕಿ ಇರುವ ಕಾಗದಗಳನ್ನು ಬಸ್ ಟಿಕೆಟಿನ ಹಿಂದೆ ಬರೆದುಕೊಂಡು, ಫೈಲಿನ ಗುಂಡಿ ಒತ್ತಿ, ಸೋಮವಾರ ಎಸಿ ಆಫೀಸಿಗೆ ಹೋಗಿ ಬರುತ್ತೇನೆ ಎಂದು ಹೊರಟಳು.

ನನ್ನ ಸರದಿ ಬರುವಷ್ಟರಲ್ಲಿ ಇನ್ನೊಬ್ಬರು ನುಗ್ಗಿದರು. ಪಿಎಚ್‌ಡಿ ಪ್ರಬಂಧದ ಐದು ಪ್ರತಿ, ಕಡುಗೆಂಪು ರೆಕ್ಸಿನ್ ರಟ್ಟು, ಮೇಲೆ ಚಿನ್ನದ ಅಕ್ಷರ. ಹಿಂದಿನ ದಿನ ಇಲ್ಲೇ ಬೈಂಡು ಮಾಡಿಸಿಕೊಂಡು ಹೋಗಿದ್ದರಂತೆ. ಶೀರ್ಷಿಕೆಯಲ್ಲಿ ಕುರುಗೋಡು ‘ಕುರಗೋಡು’ ಆಗಿತ್ತು. ಅಂಗಡಿಯವನು ಅವರೇ ಕಳಿಸಿದ್ದ ಫೈಲು ತೆರೆದು ತೋರಿಸಿದ. ಕೊಂಬು ಬಿಟ್ಟುಹೋಗಿದ್ದು ಅದರಲ್ಲೇ. ಆ ಮನುಷ್ಯ ಪರ್ಸಿಗೆ ಕೈ ಹಾಕಿ, ಮತ್ತೆ ಮಾಡಲು ಎಷ್ಟಾಗುತ್ತದೆ ಎಂದು ಕೇಳಿದರು. ಇವನು ಐದೂ ಪ್ರತಿಗಳನ್ನು ತನ್ನ ಕಡೆ ಎಳೆದುಕೊಂಡು ರಟ್ಟು ಬಿಚ್ಚತೊಡಗಿದ.

‘ದುಡ್ಡು ಇರ್ಲಿ ಬಿಡ್ರಿ ಸರ್. ತಪ್ಪು ನಂದಲ್ಲ, ಊರು ನಂದು.’